ಕುಷ್ಠರೋಗ ಶಾಪವೇ, ವಂಶದ ರೋಗವೇ? ಉತ್ತರ ಹುಡುಕಿದ ಡಾ. ಹ್ಯಾನ್ಸೆನ್ ಮತ್ತು ಅವರು ಮಾಡಿದ ಒಂದು ತಪ್ಪು

ಕುಷ್ಠರೋಗ ಪೂರ್ವಜನ್ಮದ ಪಾಪದ ಫಲವಂತೆ. ಮನೆಯಲ್ಲಿ ಒಬ್ಬರಿಗಿದ್ದರೆ ಮಕ್ಕಳು ಮೊಮ್ಮಕ್ಕಳಿಗೂ ಬರುತ್ತದಂತೆ. ಮೀನು ತಿಂದ ಮೇಲೆ ಹಾಲು ಕುಡಿದರೂ ಬರುತ್ತದಂತೆ. ಇಂಥ ಮಾತುಗಳನ್ನು ನೀವೂ ಕೇಳಿರುತ್ತೀರಿ, ಫಾರ್ವರ್ಡ್ ಆಗಿ ಬಂದದ್ದನ್ನು ಓದಿಯೂ ಇರುತ್ತೀರಿ. ಇವುಗಳಲ್ಲಿ ಒಂದೂ ನಿಜವಲ್ಲ. ಇದು ಗೊತ್ತಾಗಿದ್ದು ಹೇಗೆ ಎಂದು ತಿಳಿಯಲು ನಾವು 150 ವರ್ಷ ಹಿಂದಿನ ನಾರ್ವೆಗೆ ಹೋಗಬೇಕು.

ಗೆರ್ಹಾರ್ಡ್ ಆರ್ಮೌವರ್ ಹ್ಯಾನ್ಸೆನ್ ಹುಟ್ಟಿದ್ದು 1841ರ ಜುಲೈ 29ರಂದು, ನಾರ್ವೆಯ ಬರ್ಗೆನ್ ಪಟ್ಟಣದಲ್ಲಿ. 15 ಮಕ್ಕಳಿದ್ದ ಮನೆ. 1866ರಲ್ಲಿ ವೈದ್ಯ ಪದವಿ ಪಡೆದ ಅವರು ಕೆಲಕಾಲ ಲೊಫೊಟೆನ್ ದ್ವೀಪಗಳಲ್ಲಿ ಮೀನುಗಾರರ ವೈದ್ಯರಾಗಿದ್ದರು. 1868ರಲ್ಲಿ ಊರಿಗೆ ಮರಳಿ ಕುಷ್ಠರೋಗಿಗಳ ಆಸ್ಪತ್ರೆ ಸೇರಿದರು.

ಆಗ ನಾರ್ವೆಯ ಪಶ್ಚಿಮ ಕರಾವಳಿಯ ಬಡ ರೈತರು ಮತ್ತು ಮೀನುಗಾರರಲ್ಲಿ ಈ ರೋಗ ಬಹಳವಿತ್ತು. 1856ರಿಂದಲೇ ಸರ್ಕಾರ ಇಡೀ ದೇಶದ ಕುಷ್ಠರೋಗಿಗಳ ಹೆಸರು, ಊರು, ಕುಟುಂಬವನ್ನು ಒಂದು ದಾಖಲೆಯಲ್ಲಿ ಬರೆದಿಡುತ್ತಿತ್ತು. ಆಸ್ಪತ್ರೆಯ ಹಿರಿಯ ವೈದ್ಯ ಡೇನಿಯೆಲ್ಸನ್ ಈ ರೋಗದಲ್ಲಿ ಆ ಕಾಲದ ದೊಡ್ಡ ಹೆಸರು. ಇದು ವಂಶದಿಂದ ಬರುವ ರೋಗ ಎಂಬುದು ಅವರ ನಂಬಿಕೆ. ರೋಗಿಯ ಗಂಟಿನ ಅಂಶವನ್ನು ತಮ್ಮ ಮೈಗೇ ಚುಚ್ಚಿಕೊಂಡು ನೋಡಿದ್ದರು. ರೋಗ ಬರಲಿಲ್ಲ. ಹಾಗಾಗಿ ಅಂಟುರೋಗವಲ್ಲ ಎಂದು ತೀರ್ಮಾನಿಸಿದ್ದರು.

ಹ್ಯಾನ್ಸೆನ್‌ಗೆ ಅನುಮಾನವಿತ್ತು. ದಾಖಲೆಗಳನ್ನು ಹಿಡಿದು ಹಳ್ಳಿ ಹಳ್ಳಿ ಸುತ್ತಿದರು. ಯಾರ ಜೊತೆ ಯಾರು ವಾಸವಿದ್ದರು, ಯಾರಿಗೆ ಯಾವಾಗ ರೋಗ ಬಂತು ಎಂದು ವಿಚಾರಿಸಿದರು. 1873ರ ಫೆಬ್ರವರಿಯಲ್ಲಿ ರೋಗಿಯೊಬ್ಬರ ಚರ್ಮದ ಗಂಟಿನ ಅಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಡ್ಡಿಯಂಥ ಸಣ್ಣ ಜೀವಿಗಳು ಕಂಡವು. ಮನುಷ್ಯನ ದೀರ್ಘಕಾಲದ ರೋಗವೊಂದಕ್ಕೆ ಬ್ಯಾಕ್ಟೀರಿಯಾ ಕಾರಣವಿರಬಹುದು ಎಂದು ತೋರಿಸಿದ ಮೊದಲ ಶೋಧಗಳಲ್ಲಿ ಇದೂ ಒಂದು. ವಿಚಿತ್ರವೆಂದರೆ ಅದೇ ವರ್ಷ ಅವರು ಡೇನಿಯೆಲ್ಸನ್ ಅವರ ಮಗಳನ್ನು ಮದುವೆಯಾದರು. ಕೆಲವೇ ತಿಂಗಳಲ್ಲಿ ಆಕೆ ಕ್ಷಯರೋಗದಿಂದ ತೀರಿಕೊಂಡರು.

ಕಂಡದ್ದನ್ನು 1874ರಲ್ಲಿ ಪ್ರಕಟಿಸಿದರೂ ಸಾಬೀತು ಮಾಡುವುದು ಕಷ್ಟವಾಯಿತು. ಈ ಬ್ಯಾಕ್ಟೀರಿಯಾ ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯುವುದಿಲ್ಲ, ಇಂದಿಗೂ ಬೆಳೆದಿಲ್ಲ. ಪ್ರಾಣಿಗಳ ಮೇಲಿನ ಪ್ರಯೋಗಗಳೂ ಫಲಿಸಲಿಲ್ಲ. 1879ರಲ್ಲಿ ಬರ್ಗೆನ್‌ಗೆ ಬಂದ ಜರ್ಮನಿಯ ಯುವ ವೈದ್ಯ ಆಲ್ಬರ್ಟ್ ನೈಸರ್, ಹ್ಯಾನ್ಸೆನ್ ಕೊಟ್ಟ ಮಾದರಿಗಳಿಗೇ ಬಣ್ಣ ಹಾಕಿ ಬ್ಯಾಕ್ಟೀರಿಯಾ ಸ್ಪಷ್ಟವಾಗಿ ಕಾಣುವಂತೆ ಮಾಡಿದರು. ಶೋಧ ತಮ್ಮದೆಂಬಂತೆ ಪ್ರಕಟಿಸಿಯೂ ಬಿಟ್ಟರು.

ಹ್ಯಾನ್ಸೆನ್ ತಪ್ಪು ಮಾಡಿದ್ದೂ ಅದೇ ವರ್ಷ. ನವೆಂಬರ್‌ನಲ್ಲಿ, ಆಸ್ಪತ್ರೆಯಲ್ಲಿದ್ದ ಮಹಿಳೆಯೊಬ್ಬರ ಕಣ್ಣಿಗೆ ಇನ್ನೊಬ್ಬ ರೋಗಿಯ ಗಂಟಿನ ಅಂಶವನ್ನು ಚುಚ್ಚಿದರು. ಆಕೆಗೆ ಆಗಲೇ ಒಂದು ಬಗೆಯ ಕುಷ್ಠವಿತ್ತು, ಗಂಟುಗಳಾಗುವ ಬಗೆಯೂ ಬರುತ್ತದೆಯೇ ಎಂದು ನೋಡುವುದು ಉದ್ದೇಶ. ಆಕೆಯ ಒಪ್ಪಿಗೆ ಕೇಳಿರಲಿಲ್ಲ. ಗಂಟಿನ ರೋಗ ಬರಲಿಲ್ಲ, ಆದರೆ ಆಕೆ ನೋವು ತಿಂದರು. ವಿಷಯ ನ್ಯಾಯಾಲಯಕ್ಕೆ ಹೋಯಿತು. ಅನುಮತಿ ಪಡೆದಿರಲಿಲ್ಲ ಎಂದು ಹ್ಯಾನ್ಸೆನ್ ಒಪ್ಪಿಕೊಂಡರು. 1880ರಲ್ಲಿ ಬಂದ ತೀರ್ಪಿನಿಂದ ಅವರು ಆಸ್ಪತ್ರೆಯ ವೈದ್ಯ ಹುದ್ದೆ ಕಳೆದುಕೊಂಡರು. ದೇಶದ ಕುಷ್ಠರೋಗ ಮುಖ್ಯ ಅಧಿಕಾರಿಯ ಹುದ್ದೆ ಮಾತ್ರ ಉಳಿಯಿತು. ಅವರ ಊಹೆ ಸರಿಯಿತ್ತು ಎಂಬುದು ಈ ತಪ್ಪನ್ನು ಚಿಕ್ಕದು ಮಾಡುವುದಿಲ್ಲ. ಇಂದು ನಮ್ಮ ಮೇಲೆ ಪ್ರಯೋಗ ಮಾಡುವ ಮುನ್ನ ವೈದ್ಯರು ವಿವರಿಸಿ ಒಪ್ಪಿಗೆ ಪಡೆಯಲೇಬೇಕು ಎಂಬ ನಿಯಮ ಏಕಿದೆ ಎಂದು ಕೇಳುವವರಿಗೆ ಈ ಪ್ರಕರಣ ಒಂದು ಉತ್ತರ.

1888ರಲ್ಲಿ ಅವರು ಅಮೆರಿಕಕ್ಕೆ ಹೋದರು. ಅಲ್ಲಿಗೆ ವಲಸೆ ಹೋಗಿದ್ದ ನಾರ್ವೆಯ ಕುಷ್ಠರೋಗಿಗಳ ಮಕ್ಕಳು ಮೊಮ್ಮಕ್ಕಳಲ್ಲಿ ರೋಗವೇ ಕಾಣಲಿಲ್ಲ. ವಂಶದ ರೋಗವಾಗಿದ್ದರೆ ಹೀಗಾಗುತ್ತಿತ್ತೇ? ಅತ್ತ ಇಂಗ್ಲೆಂಡಿನ ಹೆಸರಾಂತ ವೈದ್ಯ ಜೊನಾಥನ್ ಹಚಿನ್ಸನ್ ಮಾತ್ರ ಕೆಟ್ಟ ಮೀನು ತಿನ್ನುವುದೇ ಕಾರಣ ಎಂದು ಕೊನೆತನಕ ವಾದಿಸಿದರು. ದೊಡ್ಡ ವೈದ್ಯರು ಹೇಳಿದ್ದೆಲ್ಲ ನಿಜವಾಗಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

1909ರಲ್ಲಿ ಬರ್ಗೆನ್‌ನಲ್ಲೇ ನಡೆದ ಅಂತರರಾಷ್ಟ್ರೀಯ ಕುಷ್ಠರೋಗ ಸಮ್ಮೇಳನಕ್ಕೆ ಹ್ಯಾನ್ಸೆನ್ ಅಧ್ಯಕ್ಷರಾದರು. 1912ರ ಫೆಬ್ರವರಿ 12ರಂದು ತೀರಿಕೊಂಡರು. ರೋಗಕ್ಕೆ ಈಗ ಅವರದೇ ಹೆಸರಿದೆ: ಹ್ಯಾನ್ಸೆನ್ ಕಾಯಿಲೆ.

ಅವರ ಕಾಲದಲ್ಲಿ ಔಷಧವಿರಲಿಲ್ಲ, ರೋಗಿಗಳನ್ನು ಬೇರೆ ಇಡುವುದೊಂದೇ ದಾರಿ ಎಂದು ಅವರು ನಂಬಿದ್ದರು. ಈಗ ಹಾಗಲ್ಲ. 1981ರಿಂದ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುತ್ತಿರುವ ಬಹು ಔಷಧ ಚಿಕಿತ್ಸೆಯಿಂದ ರೋಗ ಪೂರ್ತಿ ಗುಣವಾಗುತ್ತದೆ. ರೋಗದ ಹಂತ ನೋಡಿ ಸಾಮಾನ್ಯವಾಗಿ 6 ಅಥವಾ 12 ತಿಂಗಳು ಮಾತ್ರೆ ತೆಗೆದುಕೊಳ್ಳಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ಹೆಚ್ಚಿನವರ ದೇಹಕ್ಕೆ ಈ ಬ್ಯಾಕ್ಟೀರಿಯಾವನ್ನು ತಡೆಯುವ ಶಕ್ತಿ ಇರುತ್ತದೆ, ಕೈ ಕುಲುಕಿದರೆ, ಜೊತೆಗೆ ಕೂತು ಉಂಡರೆ ರೋಗ ಬರುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದರೂ ಭಾರತದಲ್ಲಿ ಕುಷ್ಠರೋಗವನ್ನು ವಿಚ್ಛೇದನದ ಕಾರಣಗಳ ಪಟ್ಟಿಯಿಂದ ತೆಗೆದದ್ದು 2019ರಲ್ಲಿ. ಕಾನೂನು ಬದಲಾಯಿತು, ಮನೆಮಾತು ಇನ್ನೂ ಬದಲಾಗಿಲ್ಲ. ಹೆದರಿ ರೋಗ ಮುಚ್ಚಿಟ್ಟವರಿಗೆ ಚಿಕಿತ್ಸೆ ತಡವಾಗುತ್ತದೆ. ನರಗಳು ಹಾಳಾಗಿ ಕೈಕಾಲು ಊನವಾಗುವುದು ಆಗಲೇ.

ಚರ್ಮದ ಮೇಲೆ ಬಿಳಿಚಿದ ಅಥವಾ ಕೆಂಪಗಿನ ಮಚ್ಚೆ ಕಂಡು, ಅಲ್ಲಿ ಮುಟ್ಟಿದರೂ ಗೊತ್ತಾಗದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಅಥವಾ ಆಶಾ ಕಾರ್ಯಕರ್ತೆಗೆ ತಿಳಿಸಿ. ಶಾಪ, ಪಾಪ ಎಂಬ ಸಂದೇಶ ನಿಮ್ಮ ಗುಂಪಿಗೆ ಬಂದರೆ, ಅದರ ಕೆಳಗೆ ಇದನ್ನು ಹಾಕಿ.