ಕೋಳಿಗಳ ಸರದಿ ಕಂಡುಹಿಡಿದ ಬಾಲಕ

ಮಕ್ಕಳೇ, ನಿಮ್ಮ ಹಿತ್ತಲಲ್ಲಿ ಕೋಳಿಗಳಿವೆಯೇ? ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಭಾಗದ ಹಳ್ಳಿಗಳಲ್ಲಿ ನಾಲ್ಕಾರು ಜವಾರಿ ಕೋಳಿ ಸಾಕುವ ಮನೆಗಳಿವೆ. ಸಂತೆಯಿಂದ ಹೊಸ ಕೋಳಿ ತಂದು ಬಿಟ್ಟ ದಿನ ಏನಾಗುತ್ತದೆ? ಹಳೆಯ ಕೋಳಿಗಳು ಅದರ ಮೇಲೆ ಏರಿ ಹೋಗುತ್ತವೆ. ತಲೆಗೆ ಕುಕ್ಕುತ್ತವೆ, ಕಾಳಿನ ಹತ್ತಿರ ಬರಗೊಡುವುದಿಲ್ಲ. ಕೆಲವೊಮ್ಮೆ ಹೊಸ ಕೋಳಿ ರಕ್ತ ಸುರಿಸಿ ಸತ್ತೇಹೋಗುತ್ತದೆ. ಏಕೆ ಹೀಗೆ? ಈ ಪ್ರಶ್ನೆಗೆ ಉತ್ತರ ಹುಡುಕಿದವರು ನಾರ್ವೆ ದೇಶದ ಥೋರ್ಲೈಫ್ ಶೆಲ್ಡರುಪ್-ಎಬ್ಬೆ. ಅವರ ಹುಡುಕಾಟ ಶುರುವಾದದ್ದು ನಿಮ್ಮಷ್ಟೇ ವಯಸ್ಸಿನಲ್ಲಿ!

ಥೋರ್ಲೈಫ್ ಹುಟ್ಟಿದ್ದು 1894ರಲ್ಲಿ, ಇಂದು ಓಸ್ಲೊ ಎಂದು ಕರೆಯುವ ನಗರದಲ್ಲಿ. ತಂದೆ, ತಾಯಿ ಇಬ್ಬರೂ ಶಿಲ್ಪಿಗಳು. ಚಿಕ್ಕಂದಿನಲ್ಲಿಯೇ ಅವನಿಗೆ ಕೋಳಿಗಳೆಂದರೆ ಬಲು ಪ್ರೀತಿ. ಹತ್ತನೆಯ ವಯಸ್ಸಿನಿಂದ ತನ್ನ ಕೋಳಿಗಳ ನಡವಳಿಕೆಯನ್ನು ಬರೆದಿಡತೊಡಗಿದ. ಯಾವ ಕೋಳಿ ಯಾವುದನ್ನು ಕುಕ್ಕಿತು, ಯಾವುದು ಹಿಂದೆ ಸರಿಯಿತು ಎಂದು ನೋಡುವುದು, ಬರೆಯುವುದು. ಇಷ್ಟೇ ಅವನ ಪ್ರಯೋಗ. ಆದರೆ ಅದನ್ನು ಅವನು ವರ್ಷಗಟ್ಟಲೆ ಬಿಡದೆ ಮಾಡಿದ.

ನಿಧಾನವಾಗಿ ಒಂದು ಗುಟ್ಟು ಹೊರಬಿತ್ತು. ಕೋಳಿಗಳು ಮನಬಂದಂತೆ ಕುಕ್ಕಾಡುವುದಿಲ್ಲ. ಅವುಗಳಲ್ಲಿ ಒಂದು ಸರದಿ ಇದೆ. ಎಲ್ಲಕ್ಕಿಂತ ಮೇಲಿನ ಹೇಂಟೆ ಉಳಿದವನ್ನೆಲ್ಲ ಕುಕ್ಕಬಹುದು, ಅದನ್ನು ಯಾವುದೂ ಕುಕ್ಕುವುದಿಲ್ಲ. ಎರಡನೆಯದು ಮೊದಲನೆಯದಕ್ಕೆ ಮಾತ್ರ ಅಂಜುತ್ತದೆ. ಕೊನೆಯದು ಎಲ್ಲರಿಂದಲೂ ಏಟು ತಿನ್ನುತ್ತದೆ. ಕೆಲವೊಮ್ಮೆ ತಮಾಷೆಯೂ ಉಂಟು: ಒಂದು ಕೋಳಿ ಎರಡನೆಯದನ್ನು, ಎರಡನೆಯದು ಮೂರನೆಯದನ್ನು, ಮೂರನೆಯದು ತಿರುಗಿ ಒಂದನೆಯದನ್ನೇ ಕುಕ್ಕುತ್ತದೆ! ಕೋಳಿಗಳು ಒಂದನ್ನೊಂದು ಗುರುತಿಸಬಲ್ಲವು ಎಂಬುದಕ್ಕೆ ಇದೇ ಸಾಕ್ಷಿ. ಜುಟ್ಟು ಮತ್ತು ತಲೆಯ ಆಕಾರ ಅವಕ್ಕೆ ಮುಖ್ಯ ಗುರುತು.

ಇವರು 1922ರಲ್ಲಿ ಈ ಸಂಗತಿಗಳನ್ನು ಜರ್ಮನ್ ಭಾಷೆಯ ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಇಂಗ್ಲಿಷಿನಲ್ಲಿ ಪೆಕಿಂಗ್ ಆರ್ಡರ್ ಎಂದು ಹೆಸರಾದ ಇದನ್ನು ನಾವು ಕುಕ್ಕುವ ಸರದಿ ಎನ್ನೋಣ. ಮುಂದೆ ಬೇರೆ ವಿಜ್ಞಾನಿಗಳು ಅನೇಕ ಪ್ರಾಣಿಗಳಲ್ಲಿ ಇಂಥ ಸರದಿಯನ್ನು ಕಂಡರು. ಆದರೆ ಶೆಲ್ಡರುಪ್-ಎಬ್ಬೆ ಅವರಿಗೆ ಸ್ವಂತ ನಾಡಿನ ವಿಶ್ವವಿದ್ಯಾಲಯದಲ್ಲಿ ನೆಲೆ ಸಿಗಲಿಲ್ಲ. ಹಿರಿಯ ಪ್ರಾಧ್ಯಾಪಕರೊಬ್ಬರೊಡನೆ ವಿರಸ ಬೆಳೆದು ಅವರ ದಾರಿ ಕಠಿಣವಾಯಿತು. ಹೊಸ ಕೋಳಿಯ ಪಾಡನ್ನು ಲೋಕಕ್ಕೆ ತಿಳಿಸಿದವರೇ ವಿದ್ವಾಂಸರ ಗುಂಪಿನಿಂದ ಹೊರಗೆ ಉಳಿದರು. ಆದರೂ ಅಧ್ಯಯನ ಬಿಡಲಿಲ್ಲ. ಅವರು 1976ರಲ್ಲಿ ತೀರಿಕೊಂಡರು.

ಈಗ ಒಂದು ಲೆಕ್ಕ. ಹಿತ್ತಲಲ್ಲಿ 5 ಕೋಳಿಗಳಿದ್ದರೆ 10 ಜೋಡಿಗಳಾಗುತ್ತವೆ. ಪ್ರತಿ ಜೋಡಿಯಲ್ಲೂ ಯಾರು ಮೇಲು ಎಂಬುದು ತೀರ್ಮಾನವಾಗಿರುತ್ತದೆ. ಆದ್ದರಿಂದ ದಿನವೂ ಜಗಳವಿಲ್ಲ. ಆರನೆಯ ಕೋಳಿ ಬಂದರೆ 5 ಹೊಸ ಜೋಡಿಗಳು! ಅದಕ್ಕೆ ಸರದಿಯಲ್ಲಿ ಜಾಗವಿಲ್ಲ. ಪ್ರತಿಯೊಂದರ ಜೊತೆಗೂ ಹೊಸದಾಗಿ ತೀರ್ಮಾನವಾಗಬೇಕು. ಜಾಗ ಹೊಸದು, ಎದುರಾಳಿಗಳು ಐದು. ಪಾಪ, ಏನು ಮಾಡೀತು? ಕೆಲವು ವಾರ ದೂರವಿದ್ದು ಮರಳಿದ ಹಳೆಯ ಕೋಳಿಗೂ ಇದೇ ಗತಿ.

ಹಾಗಾದರೆ ಹೊಸ ಕೋಳಿಯನ್ನು ಹೇಗೆ ಸೇರಿಸಬೇಕು? ಮೊದಲು ಎರಡು ಮೂರು ವಾರ ದೂರದಲ್ಲಿ, ಬೇರೆ ನೀರು ಕಾಳು ಕೊಟ್ಟು ಇಡಬೇಕು. ಕೊಕ್ಕರೆ ರೋಗ ಎನ್ನುವ ರಾಣಿಖೇತ್ ರೋಗದಂಥವು ಹೊಸ ಕೋಳಿಯೊಂದಿಗೆ ಬಂದರೆ ಇಡೀ ಗುಂಪೇ ಸಾಯಬಹುದು. ಲಸಿಕೆಯ ಬಗ್ಗೆ ಪಶು ಆಸ್ಪತ್ರೆಯಲ್ಲಿ ವಿಚಾರಿಸಲು ಮನೆಯವರಿಗೆ ಹೇಳಿ. ಆಮೇಲೆ ಕೆಲವು ದಿನ ಜಾಲರಿಯ ಆಚೆ ಈಚೆ ಇಡಬೇಕು. ಒಂದನ್ನೊಂದು ನೋಡಬೇಕು, ಕುಕ್ಕಲು ಆಗಬಾರದು. ಒಂಟಿ ಕೋಳಿಗಿಂತ ಎರಡು ಮೂರನ್ನು ಒಟ್ಟಿಗೆ ಸೇರಿಸಿದರೆ ಏಟು ಹಂಚಿಹೋಗುತ್ತದೆ. ಗೋವಿನಜೋಳದ ನುಚ್ಚನ್ನು ಒಂದೇ ಕಡೆ ಹಾಕದೆ ಎರಡು ಮೂರು ಕಡೆ ಹಾಕಿ. ನೀರನ್ನೂ ಹಾಗೆಯೇ ಇಡಿ. ಅಡಗಲು ಕಟ್ಟಿಗೆಯ ರಾಶಿಯೋ ಮುರುಕು ಬುಟ್ಟಿಯೋ ಇರಲಿ. ಚಿಕ್ಕ ಮರಿಗಳನ್ನು ಬೆಳೆಯುವ ತನಕ ದೊಡ್ಡವುಗಳ ಜೊತೆ ಬಿಡಬೇಡಿ. ಸಣ್ಣಪುಟ್ಟ ಕುಕ್ಕಾಟಕ್ಕೆ ಹೆದರಬೇಕಿಲ್ಲ, ಅದು ಸರದಿ ಕಟ್ಟುವ ಕೆಲಸ. ಆದರೆ ರಕ್ತ ಕಂಡರೆ ತಕ್ಷಣ ಬೇರ್ಪಡಿಸಿ. ಕೆಂಪು ಬಣ್ಣ ಕಂಡಲ್ಲಿ ಕೋಳಿಗಳು ಮತ್ತೆ ಮತ್ತೆ ಕುಕ್ಕುತ್ತವೆ.

ನೀವೂ ಮಾಡಿ ನೋಡಿ: ನಿಮ್ಮ ಕೋಳಿಗಳಿಗೆ ಬಣ್ಣವನ್ನೋ ಗುರುತನ್ನೋ ನೋಡಿ ಹೆಸರಿಡಿ. ಕಾಳು ಹಾಕುವಾಗ ದೂರ ಕುಳಿತು, ಯಾವುದು ಯಾವುದನ್ನು ಕುಕ್ಕಿತು ಎಂದು ಒಂದು ವಾರ ಬರೆಯಿರಿ. ಕೋಳಿಗಳನ್ನು ಮುಟ್ಟಿದರೆ ಸಾಬೂನಿನಿಂದ ಕೈ ತೊಳೆಯಿರಿ. ಕಾಯಿಲೆಯ ಕೋಳಿಯನ್ನು ಮುಟ್ಟಬೇಡಿ. ವಾರದ ಕೊನೆಗೆ ಸರದಿಯ ಪಟ್ಟಿ ಮಾಡಿ ಗುರುಗಳಿಗೆ ತೋರಿಸಿ. ಎಲ್ಲಕ್ಕಿಂತ ಮೇಲಿನದು ನೀವು ಅಂದುಕೊಂಡಿದ್ದ ಕೋಳಿಯೇ?