ಪರೇಲಿನ ಪ್ರಯೋಗಶಾಲೆ ಮತ್ತು ಹಾಫ್ಕಿನ್

ಪರೇಲಿನ ಕೆ.ಇ.ಎಂ. ಅಥವಾ ಟಾಟಾ ಆಸ್ಪತ್ರೆಗೆ ಒಮ್ಮೆಯಾದರೂ ಹೋಗಿಬರದ ಕುಟುಂಬ ಮುಂಬಯಿ ಕನ್ನಡಿಗರಾದ ನಮ್ಮಲ್ಲಿ ವಿರಳ. ಅಲ್ಲಿಯೇ ಆಚಾರ್ಯ ದೊಂದೆ ಮಾರ್ಗದಲ್ಲಿರುವ ಹಾಫ್ಕಿನ್ ಸಂಸ್ಥೆಯ ಹೆಸರನ್ನೂ ನಾವು ಓದಿದ್ದೇವೆ. ಆ ಹೆಸರಿನ ಮನುಷ್ಯನ ವಿಚಾರ ಮಾತ್ರ ನಮಗೆ ಅಷ್ಟಾಗಿ ತಿಳಿಯದು.

ವಾಲ್ಡೆಮಾರ್ ಹಾಫ್ಕಿನ್ 1860ರಲ್ಲಿ ಒಡೆಸ್ಸಾ ನಗರದ ಯಹೂದಿ ಮನೆತನದಲ್ಲಿ ಜನಿಸಿದರು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಕಾಲರಾ ಲಸಿಕೆಯನ್ನು ಸಿದ್ಧಪಡಿಸಿ, 1892ರಲ್ಲಿ ಅದನ್ನು ತಮಗೇ ಚುಚ್ಚಿಕೊಂಡು ಪರೀಕ್ಷಿಸಿದರು. ಮರುವರ್ಷ ಭಾರತಕ್ಕೆ ಬಂದರು. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ಸರಕಾರವು ಅವರನ್ನು ಇಲ್ಲಿಗೆ ಕರೆಸಿತು. ಅವರಿಗೆ ದೊರೆತದ್ದು ಗ್ರಾಂಟ್ ವೈದ್ಯಕೀಯ ಕಾಲೇಜಿನ ಒಂದು ಕೋಣೆ, ಒಂದು ಪಡಸಾಲೆ, ಒಬ್ಬ ಗುಮಾಸ್ತ ಮತ್ತು ಮೂವರು ಜವಾನರು.

ಮಾಂಸದ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರೆ ಪ್ಲೇಗಿನ ಜೀವಾಣುಗಳು ಅವುಗಳಿಂದ ಎಳೆಎಳೆಯಾಗಿ ಕೆಳಗಿಳಿದು ಬೆಳೆಯುತ್ತಿದ್ದವು. ನಮ್ಮ ಅಡುಗೆಮನೆಯ ತುಪ್ಪಕ್ಕೆ ಇಂಥದೊಂದು ಉಪಯೋಗವೂ ಒದಗಿಬಂದದ್ದು ಸೋಜಿಗವೇ ಸರಿ. ಹಾಗೆ ಬೆಳೆದ ಜೀವಾಣುಗಳನ್ನು ಕಾಯಿಸಿ ಕೊಂದರೆ ಲಸಿಕೆ ಸಿದ್ಧ. 1897ರ ಜನವರಿ 10ರಂದು ಹಾಫ್ಕಿನ್ ಅದನ್ನೂ ಮೊದಲು ತಾವೇ ಚುಚ್ಚಿಸಿಕೊಂಡರು. ಬಳಿಕ ಭಾಯಖಳಾ ಸೆರೆಮನೆಯಲ್ಲಿ ಸ್ವಇಚ್ಛೆಯಿಂದ ಮುಂದೆ ಬಂದ ಕೈದಿಗಳಿಗೆ ನೀಡಲಾಯಿತು.

ಬೇಡಿಕೆ ಬೆಳೆದಂತೆ ಕೋಣೆ ಸಾಲದಾಯಿತು. 1898ರಲ್ಲಿ ಆಗಾ ಖಾನರು ತಮ್ಮ ಬಂಗಲೆಯನ್ನೇ ಬಿಟ್ಟುಕೊಟ್ಟರು. ಅದೇ ವರ್ಷ, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಹುಬ್ಬಳ್ಳಿಯಲ್ಲಿ ಊರಿನ ಬಹುಪಾಲು ಜನರಿಗೆ ಈ ಲಸಿಕೆಯನ್ನು ಹಾಕಲಾಯಿತು. 1899ರ ಆಗಸ್ಟಿನಲ್ಲಿ ಪ್ರಯೋಗಶಾಲೆಯು ಪರೇಲಿನ ಹಳೆಯ ಗವರ್ನರ್ ನಿವಾಸಕ್ಕೆ ಸ್ಥಳಾಂತರಗೊಂಡಿತು. 1882ರಲ್ಲಿ ಗವರ್ನರ್ ಫರ್ಗುಸನ್ ಅವರ ಪತ್ನಿ ಕಾಲರಾದಿಂದ ತೀರಿಕೊಂಡದ್ದು ಅದೇ ಮನೆಯಲ್ಲಿ.

ಲಸಿಕೆಯು ಪ್ರಯೋಗಶಾಲೆಯಿಂದ ಹೊರಟು ರೋಗಿಯ ತೋಳನ್ನು ತಲುಪುವವರೆಗೆ ಎಷ್ಟೋ ಕೈಗಳನ್ನು ದಾಟುತ್ತದೆ. ಹಾಫ್ಕಿನ್ ಎಡವಿದ್ದು ತಮ್ಮದಲ್ಲದ ಕೈಯಿಂದ. 1902ರ ಅಕ್ಟೋಬರ್ 30ರಂದು, ಇಂದು ಪಾಕಿಸ್ತಾನಕ್ಕೆ ಸೇರಿರುವ ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ 107 ಜನರಿಗೆ ಲಸಿಕೆ ಹಾಕಲಾಯಿತು. ಅವರಲ್ಲಿ ಒಂದೇ ಸೀಸೆಯಿಂದ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಬೇರೆ ಸೀಸೆಗಳಿಂದ ಪಡೆದವರಿಗೆ ಏನೂ ಆಗಲಿಲ್ಲ. ಪರೇಲಿನಲ್ಲಿ ಕಾರ್ಬಾಲಿಕ್ ಆಮ್ಲ ಬೆರೆಸುವುದನ್ನು ಕೈಬಿಟ್ಟದ್ದೇ ಕಾರಣವೆಂದು ಬಗೆದು ಹಾಫ್ಕಿನ್ನರನ್ನು ಕೆಲಸದಿಂದ ದೂರವಿರಿಸಲಾಯಿತು. ಆದರೆ ಹಳ್ಳಿಯಲ್ಲಿ ಆ ಸೀಸೆಯನ್ನು ತೆರೆದ ಚಿಮಟವು ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಿಗೊಳಿಸಿರಲಿಲ್ಲ. ಈ ಸಂಗತಿಗೆ ತಕ್ಕ ಬೆಲೆ ದೊರೆಯಲು ವರ್ಷಗಳೇ ಹಿಡಿದವು. 1907ರಲ್ಲಿ ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಲಂಡನ್ನಿನ ಪತ್ರಿಕೆಯಲ್ಲಿ ಅವರ ಪರವಾಗಿ ಬರೆದ ಮೇಲೆ ಕಳಂಕ ತೊಡೆಯಿತು.

ಅವರು ಮತ್ತೆ ಭಾರತಕ್ಕೆ ಬಂದರು, ಆದರೆ ಕಲ್ಕತ್ತೆಗೆ. ತಾವೇ ಕಟ್ಟಿದ ಪರೇಲಿನ ಪ್ರಯೋಗಶಾಲೆಯ ಮುಖ್ಯಸ್ಥರ ಸ್ಥಾನ ಅವರಿಗೆ ಮರಳಿ ದೊರೆಯಲಿಲ್ಲ. ಅದಕ್ಕೆ ಅವರ ಹೆಸರನ್ನಿಟ್ಟದ್ದು 1925ರಲ್ಲಿ. ಅದಾಗಿ ಐದು ವರ್ಷಕ್ಕೆ, 1930ರ ಅಕ್ಟೋಬರಿನಲ್ಲಿ, ಹಾಫ್ಕಿನ್ ಸ್ವಿಟ್ಜರ್ಲೆಂಡಿನ ಲೊಸಾನ್ ಪಟ್ಟಣದಲ್ಲಿ ನಿಧನ ಹೊಂದಿದರು.