ಲೊಯೋಲಾದ ಸಂತ ಇಗ್ನೇಷಿಯಸ್: ಪರರ ಕಣ್ಣಿನಿಂದ ಪರರ ಕಡೆಗೆ

1521ರ ಮೇ ತಿಂಗಳಲ್ಲಿ ಸ್ಪೇನ್ ದೇಶದ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡೊಂದು ಲೊಯೋಲಾ ಮನೆತನದ ಯೋಧರೊಬ್ಬರ ಕಾಲನ್ನು ಮುರಿಯಿತು. ವೈದ್ಯರು ಮೂಳೆಯನ್ನು ಕೂಡಿಸಿದರು. ನೆಟ್ಟಗೆ ಕೂಡದಿದ್ದುದರಿಂದ ಮತ್ತೆ ಮುರಿದು ಕೂಡಿಸಿದರು. ಆದರೂ ಮೊಣಕಾಲ ಕೆಳಗೆ ಮೂಳೆಯ ಉಬ್ಬೊಂದು ಉಳಿಯಿತು. ಅದರಿಂದ ಪ್ರಾಣಕ್ಕೇನೂ ಅಪಾಯವಿರಲಿಲ್ಲ. ಆದರೆ ಅಂದಿನ ಸೊಗಸುಗಾರರು ತೊಡುತ್ತಿದ್ದ ಬಿಗಿಯಾದ ಬೂಟು ಆ ಕಾಲಿಗೆ ಒಪ್ಪುವಂತಿರಲಿಲ್ಲ. ಅಷ್ಟಕ್ಕಾಗಿ, ಅರಿವಳಿಕೆಯೇ ಇಲ್ಲದ ಆ ಕಾಲದಲ್ಲಿ, ಇಗ್ನೇಷಿಯಸರು ಆ ಮೂಳೆಯನ್ನು ಕೊಯ್ಯಿಸಿಕೊಂಡರು. ನಮ್ಮ ಹಿರಿಯರು ಇನ್ನಾಸಪ್ಪನೆಂದು ಮಕ್ಕಳಿಗೆ ಹೆಸರಿಟ್ಟದ್ದು ಈ ಸಂತರದೇ.

ತಮ್ಮದೇ ಚಿತ್ರವನ್ನು ಹತ್ತು ಬಾರಿ ತೆಗೆದು, ಒಂದನ್ನು ಆರಿಸಿ ಜಾಲತಾಣಕ್ಕೆ ಹಾಕಿ, ಎಷ್ಟು ಮಂದಿ ಮೆಚ್ಚಿದರೆಂದು ಗಳಿಗೆಗೊಮ್ಮೆ ನೋಡುವ ಮಕ್ಕಳನ್ನು ನಾವು ಗದರುತ್ತೇವೆ. ಗುರುಗಳಾದ ನಾವೂ ನಮ್ಮ ಪ್ರಬೋಧನೆಯ ವಿಡಿಯೋವನ್ನು ಎಷ್ಟು ಜನ ನೋಡಿದರೆಂದು ಎಣಿಸದೆ ಇಲ್ಲ. ಬೂಟು ಬದಲಾಗಿದೆ, ಅಷ್ಟೆ.

ಹಾಸಿಗೆ ಹಿಡಿದಿದ್ದ ಇಗ್ನೇಷಿಯಸರು ಓದಲು ವೀರಯೋಧರ ಕಥೆಗಳನ್ನು ಕೇಳಿದರು. ಮನೆಯಲ್ಲಿ ದೊರೆತದ್ದು ಕ್ರಿಸ್ತಚರಿತ್ರೆ ಮತ್ತು ಸಂತರ ಜೀವನಗಳು. ಅವನ್ನು ಓದಿ ಮನಸ್ಸು ತಿರುಗಿತು. 1522ರಲ್ಲಿ ಮೊಂಟ್ಸೆರಾಟ್ ಪುಣ್ಯಕ್ಷೇತ್ರಕ್ಕೆ ಹೋಗಿ, ತಮ್ಮ ಬೆಲೆಬಾಳುವ ಉಡುಪನ್ನು ಭಿಕ್ಷುಕನೊಬ್ಬನಿಗೆ ಕೊಟ್ಟು ಗೋಣಿಬಟ್ಟೆ ಉಟ್ಟರು. ಆ ಬಡವ ಬಟ್ಟೆಯನ್ನು ಕದ್ದನೆಂದು ಜನ ಅವನನ್ನು ಕಾಡಿದ ಸುದ್ದಿ ತಿಳಿದಾಗ ಇಗ್ನೇಷಿಯಸರು ಅತ್ತರು.

ಮಾನ್ರೇಸಾ ಊರಿನಲ್ಲಿ ಅವರ ತಪಸ್ಸು ಇನ್ನೂ ಉಗ್ರವಾಯಿತು. ಹಿಂದೆ ಕೇಶಾಲಂಕಾರದಲ್ಲಿ ಅತಿಯಾದ ಆಸಕ್ತಿಯಿದ್ದುದಕ್ಕೆ ಪ್ರತಿಯಾಗಿ ಕೂದಲನ್ನೂ ಉಗುರನ್ನೂ ಬೆಳೆಯಲು ಬಿಟ್ಟರು. ನನ್ನ ಎಣಿಕೆಯಲ್ಲಿ ಇದೂ ತನ್ನನ್ನೇ ನೋಡಿಕೊಳ್ಳುವ ಇನ್ನೊಂದು ಬಗೆ. ಮೊದಲು ಅಂದದ ಚಿಂತೆ, ಈಗ ಕುರೂಪದ ಚಿಂತೆ; ಎರಡರ ನಡುವೆಯೂ ಕುಳಿತಿರುವುದು ‘ನಾನು’ ಎಂಬುದೇ. ಈ ಗಂಟು ಬಿಡಿಸಿದ್ದು ಇನ್ನಷ್ಟು ಉಗ್ರವಾದ ತಪಸ್ಸಲ್ಲ, ಪರರು. ಜನರೊಡನೆ ಮಾತನಾಡಿ ಅವರ ಆತ್ಮಗಳಿಗೆ ಆಗುತ್ತಿದ್ದ ಹಿತವನ್ನು ಕಂಡ ಮೇಲೆ ಆ ಅತಿರೇಕಗಳನ್ನು ಬಿಟ್ಟರು, ಕೂದಲು, ಉಗುರು ಕತ್ತರಿಸಿಕೊಂಡರು. ಪರರಿಗೆ ನೆರವಾಗಲು ವಿದ್ಯೆ ಬೇಕೆಂದು ಅರಿತು, ಬಾರ್ಸೆಲೋನಾದಲ್ಲಿ ಮೂವತ್ತು ದಾಟಿದ ವಯಸ್ಸಿನಲ್ಲಿ ಲತೀನ್ ವ್ಯಾಕರಣದ ಮೊದಲ ಪಾಠಕ್ಕೆ ಕುಳಿತರು.

ಮುಂದಿನದು ಎಲ್ಲರೂ ಬಲ್ಲ ಚರಿತ್ರೆ: ಪ್ಯಾರಿಸಿನ ವಿದ್ಯಾಭ್ಯಾಸ, ಸಂತ ಫ್ರಾನ್ಸಿಸ್ ಝೇವಿಯರರ ಸ್ನೇಹ, 1540ರಲ್ಲಿ ಜಗದ್ಗುರುಗಳ ಅನುಮೋದನೆ ಪಡೆದ ಯೇಸುಸಭೆ, 1556ರ ಜುಲೈ 31ರಂದು ರೋಮಿನಲ್ಲಿ ಮರಣ, 1622ರಲ್ಲಿ ಸಂತ ಪದವಿ.

ಆದರೆ ಪ್ಯಾರಿಸಿನ ಒಂದು ಘಟನೆಯನ್ನು ಹೇಳಲೇಬೇಕು. ಇಗ್ನೇಷಿಯಸರು ನಂಬಿ ಒಪ್ಪಿಸಿದ್ದ ಹಣವನ್ನೆಲ್ಲ ಸಹವಾಸಿಯೊಬ್ಬ ಖರ್ಚು ಮಾಡಿಬಿಟ್ಟ. ಅವರು ಭಿಕ್ಷೆ ಬೇಡಿ ಓದಬೇಕಾಯಿತು. ಆ ಮನುಷ್ಯ ಸ್ಪೇನಿಗೆ ಮರಳುವ ಹಾದಿಯಲ್ಲಿ ರುವಾನ್ ಪಟ್ಟಣದಲ್ಲಿ ಕಾಯಿಲೆ ಬಿದ್ದನೆಂದು ತಿಳಿಯಿತು. ಇಗ್ನೇಷಿಯಸರು ಬರಿಗಾಲಿನಲ್ಲಿ, ಅನ್ನನೀರಿಲ್ಲದೆ, ಮೂರು ದಿನ ನಡೆದು ಅಲ್ಲಿಗೆ ಹೋದರು. ಒಂದು ರಾತ್ರಿ ಭಿಕ್ಷುಕನೊಬ್ಬನ ಹಾಸಿಗೆಯಲ್ಲಿ, ಇನ್ನೊಂದು ರಾತ್ರಿ ಹುಲ್ಲಿನ ಮೇಲೆ ಮಲಗಿದರು. ಮುರಿದು ಕೂಡಿ, ಗಿಡ್ಡವಾಗಿ, ಕುಂಟುತ್ತಿದ್ದ ಅದೇ ಕಾಲಿನ ನಡಿಗೆ. ರೋಗಿಯನ್ನು ಸಂತೈಸಿ, ಸ್ಪೇನಿನ ಹಡಗು ಹತ್ತಲು ನೆರವಾಗಿ, ಅಲ್ಲಿನ ತಮ್ಮ ಗೆಳೆಯರಿಗೆ ಪತ್ರಗಳನ್ನೂ ಬರೆದುಕೊಟ್ಟರು.